ಎರಡು ಬ್ಯಾಂಡ್‌ಗಳ ನಡುವಿನ ಹದಿನೈದು ನಿಮಿಷ

ಮೂರು ಬ್ಯಾಂಡ್, ಒಂದು ವೇದಿಕೆ, ಒಂದೇ ಸಂಜೆ. ಏಳೂವರೆಗೆ ಶುರು, ಹತ್ತಕ್ಕೆ ಸದ್ದು ನಿಲ್ಲಬೇಕು. ಕೈಯಲ್ಲಿರುವುದು 150 ನಿಮಿಷ. ಬ್ಯಾಂಡಿಗೆ ತಲಾ 40 ನಿಮಿಷ ಅಂದರೆ 120 ಅಲ್ಲಿಗೇ ಹೋಯಿತು. ಉಳಿದ 30 ನಿಮಿಷದಲ್ಲಿ ಎರಡು ಸಲ ವೇದಿಕೆ ಖಾಲಿಯಾಗಿ ಎರಡು ಸಲ ತುಂಬಬೇಕು, ಸಲಕ್ಕೆ 15 ನಿಮಿಷದಂತೆ. ಈಗ ಮೊದಲ ಬ್ಯಾಂಡ್ ಹತ್ತು ನಿಮಿಷ ತಡವಾಗಿ ಶುರು ಮಾಡಿತು, ನಡುವಿನ ಎರಡೂ ಬಿಡುವುಗಳು ಹತ್ತತ್ತು ನಿಮಿಷ ಎಳೆದವು ಅಂತಿಟ್ಟುಕೊಳ್ಳಿ. ಯಾರೂ ದೊಡ್ಡ ತಪ್ಪೇನೂ ಮಾಡಲಿಲ್ಲ. ಆದರೂ ಕೊನೆಯ ಬ್ಯಾಂಡಿಗೆ ಉಳಿದದ್ದು ಹತ್ತೇ ನಿಮಿಷ. ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ತಾಲೀಮು ಮಾಡಿ ಬಂದವರು ಎರಡು ಹಾಡು ನುಡಿಸಿ ಕೆಳಗಿಳಿಯುತ್ತಾರೆ.

ಬೆಂಗಳೂರಿನ ಕ್ಲಬ್‌ಗಳಲ್ಲಿ ಇದು ನಡೆಯುವುದನ್ನು ಕಂಡು ಕಂಡು ನನಗೆ ಒಂದು ವಿಷಯ ಖಾತ್ರಿಯಾಗಿದೆ. ಹಲವು ಬ್ಯಾಂಡ್‌ಗಳು ಹಂಚಿಕೊಂಡ ಸಂಜೆ ಕೆಡುವುದು ಹಾಡಿನಲ್ಲಲ್ಲ, ಹಾಡು ಮುಗಿದು ಇನ್ನೊಬ್ಬರು ಶುರು ಮಾಡುವವರೆಗಿನ ಆ ಕಾಲು ಗಂಟೆಯಲ್ಲಿ. ಒಂದು ಬ್ಯಾಂಡನ್ನು ಮತ್ತೆ ಕರೆಯಬೇಕೋ ಬೇಡವೋ ಎಂದು ಸಂಘಟಕರೂ ಸೌಂಡ್ ಎಂಜಿನಿಯರ್‌ಗಳೂ ಉಳಿದ ಬ್ಯಾಂಡಿನವರೂ ಮನಸ್ಸಿನಲ್ಲೇ ತೀರ್ಮಾನಿಸುವುದು ಸಹ ಆಗಲೇ. ಮೊದಲ ಬಾರಿಗೆ ಕ್ಲಬ್ ವೇದಿಕೆ ಹತ್ತಲಿರುವವರಿಗೆ ಆ ಕಾಲು ಗಂಟೆಯ ಸುತ್ತಮುತ್ತ ಏನೇನು ಗೊತ್ತಿರಬೇಕೋ ಅದನ್ನೆಲ್ಲ ಇಲ್ಲಿ ಹೇಳುತ್ತೇನೆ.

ವೇದಿಕೆ ಹಂಚಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ ಫ್ರೀಡಂ ಜ್ಯಾಮ್ 1996ರಲ್ಲಿ ಶುರುವಾಯಿತು. ಒಂದರ ಹಿಂದೆ ಒಂದು ಬ್ಯಾಂಡ್ ಬಂದು ನುಡಿಸುವ ಉಚಿತ ಕಛೇರಿ ಅದು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಅವರಿಗಿಂತ ಮೊದಲು ವೇದಿಕೆ ಏರಿದವರಲ್ಲಿ ನಮ್ಮೂರಿನ ಇನ್ನರ್ ಸ್ಯಾಂಕ್ಟಮ್ ಇತ್ತು. ಆದರೆ ಅಂಥ ದೊಡ್ಡ ವೇದಿಕೆಗಳಲ್ಲಿ ಆಂಪ್ ಹೊರಲು, ಕೇಬಲ್ ಹಾಸಲು, ಡ್ರಮ್ ಜೋಡಿಸಲು ಬೇರೆಯೇ ಜನ ಇರುತ್ತಾರೆ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಇರುವ ಕ್ಲಬ್ಬಿನಲ್ಲಿ ಹೊರುವವರೂ ನೀವೇ, ಹಾಸುವವರೂ ನೀವೇ.

ಹತ್ತು ಗಂಟೆಯ ಗಡುವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ; ಮುಚ್ಚಿದ ಸಭಾಂಗಣದಂಥ ಜಾಗಗಳಿಗೆ ವಿನಾಯಿತಿ ಇದೆ. ತಾರಸಿ ಮೇಲೆ ಅಥವಾ ಅಂಗಳದಲ್ಲಿ ವೇದಿಕೆ ಇದ್ದರೆ ಹತ್ತು ಅಂದರೆ ಹತ್ತು. ಇದರ ಜೊತೆಗೆ ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವಿದೆ. ಅದನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಸಂಗೀತವೇ ನಿಂತುಹೋಗಿತ್ತು. ಪರವಾನಗಿ ಪಡೆಯುವುದು ಕ್ಲಬ್ಬಿನ ಕೆಲಸ, ಬ್ಯಾಂಡಿನದಲ್ಲ. ಆದರೂ ತಾರೀಖು ಒಪ್ಪಿಕೊಳ್ಳುವ ಮುನ್ನ ‘ಲೈವ್ ಮ್ಯೂಸಿಕ್‌ಗೆ ಲೈಸೆನ್ಸ್ ಇದೆಯಾ? ಎಷ್ಟು ಗಂಟೆಗೆ ನಿಲ್ಲಿಸಬೇಕು?’ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ನಿಮ್ಮಲ್ಲಿ ಕಾಲೇಜು ಹುಡುಗರಿದ್ದರೆ ಬಾಗಿಲಲ್ಲಿ ವಯಸ್ಸು ನೋಡುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಬೇಸ್ ನುಡಿಸುವವನನ್ನು ಗುರುತಿನ ಚೀಟಿಯ ನೆಪದಲ್ಲಿ ಹೊರಗೆ ನಿಲ್ಲಿಸಿದರೆ ಕಛೇರಿಯೇ ಇಲ್ಲ.

ಒಂದು ವಾರ ಮೊದಲು, ಒಂದು ಹಾಳೆ

ಆ ರಾತ್ರಿಯ ಎಲ್ಲ ಬ್ಯಾಂಡ್‌ಗಳಿಂದ ಒಬ್ಬೊಬ್ಬರನ್ನು, ಸಂಘಟಕರನ್ನು, ಸಾಧ್ಯವಾದರೆ ಸೌಂಡ್ ಎಂಜಿನಿಯರನ್ನೂ ಸೇರಿಸಿ ಒಂದು ವಾಟ್ಸ್ಯಾಪ್ ಗುಂಪು ಮಾಡಿ. ಬೇರೆ ಯಾರೂ ಮಾಡದಿದ್ದರೆ ನೀವೇ ಮಾಡಿ. ಯಾರು ಯಾವಾಗ ಬರುತ್ತಾರೆ, ಯಾರ ಬಳಿ ಯಾವ ಆಂಪ್ ಇದೆ, ಇಬ್ಬರೂ ಒಂದೇ ಕವರ್ ಹಾಡು ಇಟ್ಟುಕೊಂಡಿದ್ದೇವೆಯೇ ಎಂಬ ವಿಚಾರಗಳೆಲ್ಲ ಅಲ್ಲೇ ಇತ್ಯರ್ಥವಾಗಲಿ.

ಆ ಗುಂಪಿಗೆ ನೀವು ಹಾಕಬೇಕಾದ ಮುಖ್ಯ ವಸ್ತು ಒಂದು ಹಾಳೆ. ಅದರ ಮೇಲರ್ಧದಲ್ಲಿ ಯಾರು ಎಲ್ಲಿ ನಿಲ್ಲುತ್ತೀರಿ ಎಂಬ ಚಿತ್ರ, ಕೆಳಗೆ ಯಾವ್ಯಾವ ವಾದ್ಯಕ್ಕೆ ಮೈಕ್ ಅಥವಾ ಲೈನ್ ಬೇಕು ಎಂಬ ಪಟ್ಟಿ. ಎಡ ಬಲ ಬರೆಯುವಾಗ ವೇದಿಕೆಯ ಮೇಲೆ ನಿಂತು ಜನರತ್ತ ನೋಡುವವರ ಎಡ ಬಲವೇ ಲೆಕ್ಕ. ನಾಲ್ವರ ಸಾಮಾನ್ಯ ರಾಕ್ ಬ್ಯಾಂಡಿಗೆ ಲೆಕ್ಕ ಹಾಕಿ ನೋಡಿ. ಕಿಕ್, ಸ್ನೇರ್, ಹೈ-ಹ್ಯಾಟ್, ಎರಡು ಟಾಮ್, ಎರಡು ಓವರ್‌ಹೆಡ್ ಸೇರಿ ಡ್ರಮ್ಸಿಗೇ 7. ಬೇಸ್ 1, ಗಿಟಾರ್ 2, ಹಾಡುವ ಮೈಕ್ 2. ಅಲ್ಲಿಗೆ 12 ಚಾನಲ್. ಕ್ಲಬ್ಬಿನಲ್ಲಿರುವುದು 16 ಚಾನಲ್ ಮಿಕ್ಸರ್ ಆದರೆ ಕೀಬೋರ್ಡಿನ ಎರಡು ಲೈನ್, ಒಂದು ವಯಲಿನ್ ಸೇರುವಷ್ಟರಲ್ಲಿ 15 ಆಯಿತು. ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಹಾಕುತ್ತೇವೆ ಅಂದರೆ ಇನ್ನೆರಡು ಬೇಕು, ಜಾಗವಿಲ್ಲ. ಇದು ಒಂದು ವಾರ ಮೊದಲು ಗೊತ್ತಾದರೆ ಎಂಜಿನಿಯರ್ ಒಂದು ಟಾಮ್ ಮೈಕನ್ನೋ ಓವರ್‌ಹೆಡ್ಡನ್ನೋ ಬಿಟ್ಟು ದಾರಿ ಮಾಡಿಕೊಡುತ್ತಾರೆ. ಬಿಡುವಿನ ಹೊತ್ತಿನಲ್ಲಿ ಗೊತ್ತಾದರೆ ಅದೇ ಹತ್ತು ನಿಮಿಷ ತಿನ್ನುತ್ತದೆ. ನಮ್ಮಲ್ಲಿ ವಯಲಿನ್, ಕೊಳಲು, ಮೃದಂಗ ಇಟ್ಟುಕೊಂಡ ಬ್ಯಾಂಡ್‌ಗಳು ಬಹಳ. ಅವರು ಮೈಕ್ ಬೇಕೋ ಪಿಕಪ್ ಇದೆಯೋ, ಅದನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್ ತಾವೇ ತರುತ್ತಾರೋ ಎಂಬುದನ್ನು ಪಟ್ಟಿಯಲ್ಲೇ ಬರೆದುಬಿಡಬೇಕು.

ಡ್ರಮ್ ಸೆಟ್ ಸಾಮಾನ್ಯವಾಗಿ ಕ್ಲಬ್ಬಿನದು ಅಥವಾ ಒಂದು ಬ್ಯಾಂಡಿನದು, ಎಲ್ಲರೂ ಅದನ್ನೇ ನುಡಿಸುತ್ತಾರೆ. ಆದರೆ ಸ್ನೇರ್, ಸಿಂಬಲ್‌ಗಳು, ಕಿಕ್ ಪೆಡಲ್ ಅವರವರದೇ. ಇದು ಎಲ್ಲ ಊರಿನ ರೂಢಿ. ಬೇರೆಯವರ ಸಿಂಬಲ್ ಮೇಲೆ ಹೊಡೆದು ಬಿರುಕು ಬಿಡಿಸಿದರೆ ಆ ಸ್ನೇಹ ಮತ್ತೆ ಕೂಡುವುದು ಕಷ್ಟ. ನಿಮ್ಮ ಡ್ರಮ್ಮರ್ ಎಡಗೈಯವರಾದರೆ ಮೊದಲೇ ಹೇಳಿ. ಇಡೀ ಸೆಟ್ ತಿರುಗಿಸಬೇಕಾಗುತ್ತದೆ, ಅಂಥವರನ್ನು ಮೊದಲಿಗೋ ಕೊನೆಗೋ ಹಾಕಿದರೆ ಆ ತಿರುಗಿಸುವ ಕೆಲಸ ಎರಡರ ಬದಲು ಒಂದೇ ಸಲಕ್ಕೆ ಮುಗಿಯುತ್ತದೆ. ಬೇರೆಯವರ ಆಂಪ್ ಬಳಸುವಾಗ ಗುಂಡಿಗಳು ಹೇಗಿದ್ದವೆಂದು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ಇಳಿಯುವಾಗ ಹಾಗೆಯೇ ಇಟ್ಟು ಬನ್ನಿ. ಗಿಟಾರ್ ಆಂಪಿಗೆ ಬೇಸ್ ಜೋರಾಗಿ ಹಾಕಬೇಡಿ, ಸ್ಪೀಕರ್ ಹರಿದುಹೋಗುತ್ತದೆ. ನಿಮ್ಮದೇ ಟ್ಯೂಬ್ ಹೆಡ್ ತಂದರೆ ಕ್ಯಾಬಿನೆಟ್ಟಿನ ಓಮ್ ಲೆಕ್ಕಕ್ಕೆ ಹೊಂದಿಸಿ, ಸ್ಪೀಕರ್ ಕೇಬಲ್ಲಿನಲ್ಲೇ ಜೋಡಿಸಿ. ಗಿಟಾರ್ ಕೇಬಲ್ ಆ ಕೆಲಸಕ್ಕಲ್ಲ.

ಸೌಂಡ್ ಚೆಕ್ ಯಾಕೆ ಹಿಂದುಮುಂದು

ಸಂಜೆ ಕೊನೆಗೆ ನುಡಿಸುವ ಬ್ಯಾಂಡ್ ಮೊದಲು ಸೌಂಡ್ ಚೆಕ್ ಮಾಡುತ್ತದೆ, ಮೊದಲು ನುಡಿಸುವ ಬ್ಯಾಂಡ್ ಕೊನೆಗೆ. ಹೊಸಬರಿಗೆ ಇದು ದೊಡ್ಡವರಿಗೆ ಕೊಡುವ ಮರ್ಯಾದೆ ಅನ್ನಿಸುವುದುಂಟು. ಕಾರಣ ಬೇರೆ. ಕೊನೆಗೆ ಚೆಕ್ ಮಾಡಿದವರ ಮೈಕ್, ಆಂಪ್, ಕೇಬಲ್ ಎಲ್ಲವೂ ಇದ್ದ ಜಾಗದಲ್ಲೇ ಉಳಿಯುತ್ತವೆ. ಬಾಗಿಲು ತೆರೆದು ಜನ ಬಂದ ತಕ್ಷಣ ಅವರು ನೇರ ಹತ್ತಿ ಶುರು ಮಾಡಬಹುದು. ಡಿಜಿಟಲ್ ಮಿಕ್ಸರ್ ಇದ್ದರೆ ಉಳಿದ ಬ್ಯಾಂಡ್‌ಗಳ ಮಟ್ಟಗಳನ್ನು ಎಂಜಿನಿಯರ್ ಉಳಿಸಿಟ್ಟುಕೊಂಡು ಬೇಕಾದಾಗ ಕರೆಯುತ್ತಾರೆ. ಹಳೆಯ ಅನಲಾಗ್ ಮಿಕ್ಸರ್ ಆದರೆ ಕಾಗದ, ಟೇಪ್, ನೆನಪೇ ಗತಿ. ಯಾವುದಿದೆ ಎಂದು ಕೇಳಿಕೊಂಡರೆ ಬಿಡುವಿನಲ್ಲಿ ನಿಮಗೆ ಎಷ್ಟು ಹೊತ್ತು ಬೇಕಾದೀತೆಂದು ಅಂದಾಜು ಸಿಗುತ್ತದೆ.

ಸೌಂಡ್ ಎಂಜಿನಿಯರ್ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ‘ಹಲೋ, ಸೌಂಡ್!’ ಎಂದು ಮೈಕಿನಲ್ಲಿ ಕೂಗುವುದಕ್ಕೂ ‘ಅಣ್ಣ, ನನ್ನ ಮಾನಿಟರಿನಲ್ಲಿ ವೋಕಲ್ ಸ್ವಲ್ಪ ಜಾಸ್ತಿ, ಗಿಟಾರ್ ಕಡಿಮೆ ಮಾಡ್ತೀರಾ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಮರ್ಯಾದೆ ಮಾತ್ರವಲ್ಲ, ಮಾಹಿತಿಯೂ ಇದೆ. ‘ಏನೋ ಸರಿ ಇಲ್ಲ’ ಅಂದರೆ ಅವರು ಏನು ಮಾಡಬೇಕು?

ಸಣ್ಣ ಜಾಗದಲ್ಲಿ ಸದ್ದಿನ ಅಳತೆಗೋಲು ಡ್ರಮ್ಸ್. ಅದಕ್ಕೆ ಮೈಕ್ ಇಲ್ಲದೆಯೇ ಎಷ್ಟು ಕೇಳುತ್ತದೋ ಅಷ್ಟಕ್ಕೆ ಆಂಪ್ ಹೊಂದಿಸಿಕೊಳ್ಳಿ. ಗಿಟಾರಿಸ್ಟರು ಸದ್ದು ಏರಿಸುತ್ತಾ ಹೋಗುವುದು ಬಹಳ ಸಲ ಆಂಪ್ ನೆಲದ ಮೇಲೆ ಕೂತು ಮೊಣಕಾಲಿಗೆ ಕೇಳಿಸುತ್ತಿರುವುದರಿಂದ. ಅದನ್ನು ಒಂದು ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ ಕಿವಿಯತ್ತ ತಿರುಗಿಸಿ. ಅರ್ಧದಷ್ಟು ಜಗಳ ಅಲ್ಲೇ ಮುಗಿಯುತ್ತದೆ.

ಕರೆಂಟಿನ ವಿಷಯ ಮಾತ್ರ ನಿಂತು ನೋಡಬೇಕಾದದ್ದು. ಒಂದು ಕೈಯಲ್ಲಿ ಗಿಟಾರ್ ತಂತಿ ಹಿಡಿದು ತುಟಿಗೆ ಮೈಕ್ ತಾಗಿದಾಗ ಚುರುಕ್ ಎಂದರೆ ಅದು ಸಣ್ಣ ವಿಷಯವಲ್ಲ. ಎಲ್ಲೋ ಅರ್ಥಿಂಗ್ ಇಲ್ಲ ಎಂದರ್ಥ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಹೀಗೆಯೇ ಮೈಕ್ ಮುಟ್ಟಿ ವೇದಿಕೆಯ ಮೇಲೇ ಪ್ರಾಣ ಬಿಟ್ಟರು. ನಮ್ಮಲ್ಲಿ 230 ವೋಲ್ಟ್. ಹಾಗಾಗಿ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಮುರಿದದ್ದನ್ನು, ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಒತ್ತಿ ಸೇರಿಸಿದ್ದನ್ನು ಬಳಸಲೇಬೇಡಿ. ಗುಂಯ್ ಸದ್ದು ನಿಲ್ಲಿಸಲು ಅರ್ಥ್ ತೆಗೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಚುರುಕ್ ಅಂದರೆ ಹಾಡು ನಿಲ್ಲಿಸಿ, ಎಂಜಿನಿಯರಿಗೆ ಹೇಳಿ; ಆ ಹೊತ್ತಿನಲ್ಲಿ ಗಡಿಯಾರ ನೋಡಬೇಡಿ. ಅಮೆರಿಕದಿಂದ ನೆಂಟರು ತಂದುಕೊಟ್ಟ ಪೆಡಲಿನ ಅಡಾಪ್ಟರ್ ಬರೀ 110 ವೋಲ್ಟಿನದೋ ಎಂದು ಅದರ ಬೆನ್ನ ಮೇಲೆ ಓದಿ ನೋಡಿ.

ಆ ಕಾಲು ಗಂಟೆ

ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳದೆ ಎರಡನೇ ಪಂಕ್ತಿಗೆ ಎಲೆ ಹಾಕಲಾಗುವುದಿಲ್ಲ. ವೇದಿಕೆಯೂ ಅಷ್ಟೇ. ಇಳಿಯುವವರು ಇಳಿದರೆ ಮಾತ್ರ ಹತ್ತುವವರು ಹತ್ತಬಹುದು. ಅದನ್ನು ಹತ್ತಿರದಿಂದ ನೋಡೋಣ.

ಕೊನೆಯ ಹಾಡಿನ ಕೊನೆಯ ಕಾರ್ಡ್ ಮುಗಿಯಿತು, ಚಪ್ಪಾಳೆ. ಗಿಟಾರಿಸ್ಟ್ ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ, ಆಂಪ್ ಸ್ಟ್ಯಾಂಡ್‌ಬೈಗೆ ಹಾಕಬೇಕು. ಬೇಸ್ ಮತ್ತು ಕೀಬೋರ್ಡಿನವರು ಎಂಜಿನಿಯರ್ ಕಡೆ ನೋಡಿ, ಅವರು ಚಾನಲ್ ಮ್ಯೂಟ್ ಮಾಡಿ ಕೈ ಎತ್ತಿದ ಮೇಲೆ ಜ್ಯಾಕ್ ಕೀಳಬೇಕು. ಮ್ಯೂಟ್ ಆಗದೆ ಕಿತ್ತರೆ ಸ್ಪೀಕರಿನಲ್ಲಿ ಢಬ್ ಎಂದು ಹೊಡೆಯುವ ಸದ್ದಿಗೆ ಜನರೆಲ್ಲ ಬೆಚ್ಚುತ್ತಾರೆ, ಸ್ಪೀಕರಿಗೂ ಪೆಟ್ಟು. ಪೆಡಲ್ ಬೋರ್ಡನ್ನು ವೇದಿಕೆಯ ಮೇಲೆ ಬಿಚ್ಚುತ್ತಾ ಕೂರಬೇಡಿ. ಎರಡು ತುದಿಯ ಕೇಬಲ್ ಕಿತ್ತು, ಹಲಗೆ ಸಮೇತ ಎತ್ತಿಕೊಂಡು ಇಳಿಯಿರಿ. ಕೇಬಲ್ ಸುತ್ತುವುದು, ಚೀಲದ ಜಿಪ್ ಎಳೆಯುವುದು, ಬೆವರು ಒರೆಸಿಕೊಳ್ಳುವುದು ಎಲ್ಲ ಕೆಳಗೆ.

ಹೆಚ್ಚು ಹೊತ್ತು ಹಿಡಿಯುವುದು ಡ್ರಮ್ಮರಿಗೆ. ಸಿಂಬಲ್ ಸ್ಟ್ಯಾಂಡಿನ ತುದಿಯಲ್ಲಿ ಒಂದು ಪುಟ್ಟ ಚಿಟ್ಟೆ ನಟ್ಟು, ಅದರಡಿ ಒಂದು ಉಣ್ಣೆಯ ಬಿಲ್ಲೆ, ಸಿಂಬಲ್ಲು, ಅದರ ಕೆಳಗೆ ಇನ್ನೊಂದು ಬಿಲ್ಲೆ, ಸರಳಿನ ಸುತ್ತ ಬೆರಳಿನ ಗಿಣ್ಣಿನಷ್ಟುದ್ದದ ಪ್ಲಾಸ್ಟಿಕ್ ಕೊಳವೆ. ಕತ್ತಲಲ್ಲಿ ಆತುರದಲ್ಲಿ ಬಿಚ್ಚುವಾಗ ಮೊದಲು ಉರುಳಿ ಕಳೆದುಹೋಗುವುದು ಈ ಕೊಳವೆ ಮತ್ತು ನಟ್ಟು. ಕೊಳವೆ ಇಲ್ಲದಿದ್ದರೆ ಮುಂದಿನ ಡ್ರಮ್ಮರನ ಸಿಂಬಲ್ಲಿನ ತೂತು ಕಬ್ಬಿಣದ ಸರಳಿಗೆ ಉಜ್ಜಿ ಸವೆಯುತ್ತದೆ. ಹಾಗಾಗಿ ಸಿಂಬಲ್ ತೆಗೆದ ಕೂಡಲೇ ಬಿಲ್ಲೆ, ನಟ್ಟುಗಳನ್ನು ಅದೇ ಸ್ಟ್ಯಾಂಡಿನ ಮೇಲೆ ತಿರುಗಿಸಿ ಇಟ್ಟೇ ಮುಂದಿನದಕ್ಕೆ ಕೈ ಹಾಕಬೇಕು. ಎರಡು ಬಿಲ್ಲೆ, ಎರಡು ಕೊಳವೆ ಹೆಚ್ಚಿಗೆ ಜೇಬಿನಲ್ಲಿರಲಿ; ಬೆಲೆ ಏನೂ ಅಲ್ಲ. ಮುಂದಿನ ಬ್ಯಾಂಡಿನ ಡ್ರಮ್ಮರ್ ಪಕ್ಕದಲ್ಲೇ ನಿಂತು ಇವರು ತೆಗೆದಂತೆ ತನ್ನದನ್ನು ಹಾಕುತ್ತಾ ಹೋದರೆ ಐದು ನಿಮಿಷದ ಕೆಲಸ. ಇಬ್ಬರು ಡ್ರಮ್ಮರುಗಳು ಮಾತಿಲ್ಲದೆ ಹೀಗೆ ಕೈ ಜೋಡಿಸುವುದನ್ನು ನೋಡುವುದೇ ನನಗೆ ಇಷ್ಟ.

ಹಾಡುಗಾರರಿಗೆ ಹೊರಲು ಏನೂ ಇರುವುದಿಲ್ಲ, ಆದ್ದರಿಂದ ಅವರು ವೇದಿಕೆಯ ಅಂಚಿನಲ್ಲಿ ಗೆಳೆಯರ ಜೊತೆ ಸೆಲ್ಫಿಗೆ ನಿಲ್ಲುತ್ತಾರೆ. ಅವರು ಹೊರಬೇಕಾದದ್ದು ಡ್ರಮ್ಮರನ ಚೀಲ.

ಇನ್ನು ಹತ್ತುವವರು. ಹಿಂದಿನ ಬ್ಯಾಂಡಿನ ಕೊನೆಯ ಎರಡು ಹಾಡುಗಳಿರುವಾಗ ನೀವು ಪಕ್ಕದಲ್ಲಿ ಸಿದ್ಧವಾಗಿರಬೇಕು. ಗಿಟಾರ್ ಚೀಲದಿಂದ ಹೊರಗೆ, ಟ್ಯೂನ್ ಆಗಿ, ಪಟ್ಟಿ ಹಾಕಿ ತಯಾರು. ಪೆಡಲುಗಳೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ, ಪರೀಕ್ಷಿಸಿ ಆಗಿರಬೇಕು. ವೇದಿಕೆಯ ಮೇಲೆ ಇಟ್ಟು ಒಂದು ಪವರ್, ಒಂದು ಆಂಪ್ ಕೇಬಲ್ ಚುಚ್ಚಿದರೆ ಮುಗಿಯಬೇಕು. ಆಮೇಲೆ ಲೈನ್ ಚೆಕ್. ಇದು ಸೌಂಡ್ ಚೆಕ್ ಅಲ್ಲ. ಪ್ರತಿ ಲೈನಿನಲ್ಲೂ ಸದ್ದು ಬರುತ್ತಿದೆಯೇ ಎಂದಷ್ಟೇ ನೋಡುವುದು. ಎಂಜಿನಿಯರ್ ‘ಕಿಕ್’ ಅಂದಾಗ ಕಿಕ್ ಮಾತ್ರ. ಉಳಿದವರ ಕೈ ತಂತಿಯ ಮೇಲೆ ಸುಮ್ಮನಿರಲಿ. ಕಿಕ್ ಚೆಕ್ ಆಗುತ್ತಿರುವಾಗ ಗಿಟಾರಿಸ್ಟ್ ತನ್ನ ಮೆಚ್ಚಿನ ರಿಫ್ ಬಾರಿಸುತ್ತಿದ್ದರೆ ಮೂರು ನಿಮಿಷದ ಕೆಲಸ ಎಂಟಾಗುತ್ತದೆ, ಜನರಿಗೂ ಆ ಹಾಡಿನ ರುಚಿ ಮೊದಲೇ ಹೋಗುತ್ತದೆ.

ಹೆಚ್ಚಿನ ತಂತಿಗಳು, ಪಿಕ್‌ಗಳು, 9 ವೋಲ್ಟ್ ಬ್ಯಾಟರಿ, ಎರಡು ಹೆಚ್ಚುವರಿ ಕೇಬಲ್, ಡ್ರಮ್ ಕೀ, ಗಾಫರ್ ಟೇಪ್, ಸಣ್ಣ ಟಾರ್ಚ್. ಇವನ್ನು ಒಂದು ಡಬ್ಬಿಯಲ್ಲಿ ಹಾಕಿ ಬ್ಯಾಂಡಿನ ಒಬ್ಬರ ಜವಾಬ್ದಾರಿಗೆ ಕೊಡಿ. ಹಾಡಿನ ನಡುವೆ ತಂತಿ ಕಡಿದರೆ ಬದಲಿಸುತ್ತಾ ಕೂರುವುದಕ್ಕಿಂತ ಇನ್ನೊಂದು ಗಿಟಾರ್ ಎತ್ತಿಕೊಳ್ಳುವುದು ಮೇಲು. ನಿಮ್ಮ ಬಳಿ ಇನ್ನೊಂದಿಲ್ಲದಿದ್ದರೆ ಪಕ್ಕದ ಬ್ಯಾಂಡಿನವರನ್ನು ಸಂಜೆಯೇ ಕೇಳಿಟ್ಟುಕೊಳ್ಳಿ: ‘ಮಗಾ, ತಂತಿ ಹೋದ್ರೆ ನಿನ್ ಗಿಟಾರ್ ಒಂದ್ ಹಾಡಿಗೆ ಕೊಡ್ತೀಯಾ?’ ಯಾರೂ ಇಲ್ಲ ಅನ್ನುವುದಿಲ್ಲ.

ನಲವತ್ತು ನಿಮಿಷಕ್ಕೆ ಎಷ್ಟು ಹಾಡು

ನಾಲ್ಕು ನಿಮಿಷದ ಹಾಡಾದರೆ ಹತ್ತು ಹಾಡು ಎಂದು ಲೆಕ್ಕ ಹಾಕಬೇಡಿ. ಮಾತು, ಟ್ಯೂನಿಂಗ್, ನೀರು, ಚಪ್ಪಾಳೆ ಎಲ್ಲ ಸೇರಿ ಎಂಟು ಮುಗಿದರೆ ದೊಡ್ಡದು. ಏಳು ಬರೆದುಕೊಳ್ಳಿ. ಕೊನೆಗಿಂತ ಒಂದು ಹಿಂದಿನ ಹಾಡನ್ನು, ಸಮಯ ಮೀರಿದರೆ ಬಿಡಬೇಕಾದದ್ದು ಎಂದು ಗುರುತು ಹಾಕಿ ಎಲ್ಲರ ಪಟ್ಟಿಯಲ್ಲೂ ತೋರಿಸಿ. ಆಗ ನೀವು ಅಂದುಕೊಂಡ ಮುಕ್ತಾಯ ಉಳಿಯುತ್ತದೆ, ಮುಂದಿನವರ ಸಮಯವೂ ಉಳಿಯುತ್ತದೆ. ಬೇರೆ ಟ್ಯೂನಿಂಗಿನ ಹಾಡುಗಳನ್ನು ಒಟ್ಟಿಗಿಡಿ. ಟ್ಯೂನರ್ ಪೆಡಲ್ ಇರಲಿ, ಸದ್ದಿಲ್ಲದೆ ಟ್ಯೂನ್ ಮಾಡಬಹುದು. ಜನ ‘ಒನ್ಸ್ ಮೋರ್’ ಎಂದು ಕೂಗಿದರೂ ನಿಮ್ಮ ನಂತರ ಇನ್ನೊಂದು ಬ್ಯಾಂಡ್ ಇದ್ದರೆ ಮತ್ತೊಂದು ಹಾಡಿಲ್ಲ. ಬದಲಿಗೆ ಅವರ ಹೆಸರು ಹೇಳಿ, ‘ಇವರನ್ನು ಕೇಳದೆ ಹೋಗಬೇಡಿ’ ಎನ್ನಿ.

ಹಾಡುಗಳ ನಡುವೆ ಕನ್ನಡದಲ್ಲಿ ಮಾತನಾಡಲು ಹಿಂಜರಿಯಬೇಡಿ. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರ್, ಡ್ರಮ್ಸಿನ ಜೊತೆ ಹಾಡಿ ದೇಶ ವಿದೇಶಗಳ ವೇದಿಕೆಗಳಿಗೆ ಒಯ್ದರು. ಸ್ವರಾತ್ಮ ಬ್ಯಾಂಡ್ ಕನ್ನಡದಲ್ಲೂ ಹಿಂದಿಯಲ್ಲೂ ಹಾಡುತ್ತಾ ಬಂದಿದೆ. ಕ್ಲಬ್ಬಿನಲ್ಲಿ ಕನ್ನಡ ನಡೆಯುವುದಿಲ್ಲ ಎಂಬ ಅಂಜಿಕೆಯನ್ನು ಇಟ್ಟುಕೊಂಡ ಹುಡುಗರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಿಮ್ಮಲ್ಲಿ ಒಂದು ಕನ್ನಡ ಹಾಡಿದ್ದರೆ ಅದನ್ನು ಪಟ್ಟಿಯ ನಡುವೆ ಅಡಗಿಸದೆ ಮುಂದಿಡಿ.

ನಿಮ್ಮದು ಮುಗಿದ ಮೇಲೆ ಹೋಗಬೇಡಿ. ಮೊದಲು ನುಡಿಸಿದ ಬ್ಯಾಂಡ್ ತನ್ನ ಇಪ್ಪತ್ತು ಗೆಳೆಯರ ಸಮೇತ ಪಕ್ಕದ ಹೋಟೆಲಿಗೆ ಊಟಕ್ಕೆ ಹೊರಟರೆ ಎರಡನೆಯ ಬ್ಯಾಂಡಿನ ಎದುರು ಖಾಲಿ ನೆಲ. ಕ್ಲಬ್ಬಿನ ಸಂಪಾದನೆ ನಡೆಯುವುದು ಜನ ಕೂತು ತಿಂದು ಕುಡಿಯುವುದರಿಂದ, ಆದ್ದರಿಂದ ಮ್ಯಾನೇಜರ್ ಕೂಡ ಅದನ್ನು ಗಮನಿಸುತ್ತಾರೆ. ಗೆಳೆಯರಿಗೂ ಮೊದಲೇ ಹೇಳಿಡಿ, ಮೂರು ಬ್ಯಾಂಡ್ ಕೇಳಲು ಬನ್ನಿ ಎಂದು. ಕೇಳುವಾಗ ಕಿವಿಗೆ ಇಯರ್ ಪ್ಲಗ್ ಇರಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಮಿತಿಯಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, 100 ಡೆಸಿಬೆಲ್ಲಿಗೆ ಏರಿದರೆ 15 ನಿಮಿಷ ಮಾತ್ರ. ರಾಕ್ ಕ್ಲಬ್ಬಿನಲ್ಲಿ 100 ಮುಟ್ಟುವುದು ಏನೂ ಕಷ್ಟವಲ್ಲ, ನೀವಿರುವುದು ಎರಡೂವರೆ ಗಂಟೆ. ಮನೆಗೆ ಹೋದ ಮೇಲೂ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆ. ಕಿವಿ ಒಮ್ಮೆ ಕೆಟ್ಟರೆ ಮರಳುವುದಿಲ್ಲ.

ದುಡ್ಡು

ತಾರೀಖು ಒಪ್ಪುವ ದಿನವೇ ಮಾತಾಡಿ, ಆ ಮಾತನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಿಗದಿತ ಮೊತ್ತವೋ ಟಿಕೆಟ್ಟಿನಲ್ಲಿ ಪಾಲೋ? ಪಾಲಾದರೆ ಸೌಂಡ್ ಎಂಜಿನಿಯರ್, ಬಾಡಿಗೆ ಸಾಮಾನುಗಳ ಖರ್ಚು ಕಳೆದ ಮೇಲೋ ಮೊದಲೋ? ಅದೇ ರಾತ್ರಿ ಕೈಗೆ ಬರುತ್ತದೋ, ಬಿಲ್ ಕಳಿಸಿ ಕಾಯಬೇಕೋ? ಊಟ ಇದೆಯೋ, ನಿಮ್ಮ ಕಡೆಯ ಎಷ್ಟು ಜನರನ್ನು ಉಚಿತವಾಗಿ ಬಿಡುತ್ತಾರೆ? ಇಷ್ಟು ಸಾಕು. ನಿಮ್ಮ ಕೈಗೇ ಟಿಕೆಟ್ ಕಟ್ಟು ಕೊಟ್ಟು, ಮಾರದೆ ಉಳಿದದ್ದಕ್ಕೆ ನೀವೇ ದುಡ್ಡು ಕಟ್ಟಿ ಎನ್ನುವ ಸಂಘಟಕರು ಸಿಗುತ್ತಾರೆ. ಒಪ್ಪಬೇಡಿ. ಸಂಘಟಕರ ನಷ್ಟವನ್ನು ಹೊಸ ಬ್ಯಾಂಡಿನ ತಲೆಗೆ ಕಟ್ಟುವ ಏರ್ಪಾಡು ಅದು, ವೇದಿಕೆಯ ಆಸೆಗೆ ಒಪ್ಪಿಕೊಂಡವರಿಂದಲೇ ಅದು ಬದುಕಿದೆ.

ಬ್ಯಾಂಡ್‌ಗಳ ನಡುವೆ ಪಾಲು ಮಾಡುವಾಗ ಸಮಪಾಲು ಸುಲಭ ಮತ್ತು ಬಹಳ ಸಲ ನ್ಯಾಯವೂ ಹೌದು. ಆದರೆ ಹೊರಊರಿನಿಂದ ಬಂದವರಿದ್ದರೆ ಮೊದಲು ಅವರ ಬಸ್ ಚಾರ್ಜು ತೆಗೆದಿಟ್ಟು ಉಳಿದದ್ದನ್ನು ಹಂಚಬೇಕು ಎಂಬುದು ನನ್ನ ಅಭಿಪ್ರಾಯ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಒಳ್ಳೆಯ ಬ್ಯಾಂಡ್‌ಗಳಿವೆ, ಅಲ್ಲಿ ನುಡಿಸಲು ಜಾಗ ಕಡಿಮೆ. ನಿಮಗೆ ಒಂದು ಸಂಜೆಯನ್ನು ನೀವೇ ಜೋಡಿಸುವ ಅವಕಾಶ ಬಂದಾಗ ಅವರಲ್ಲಿ ಒಬ್ಬರನ್ನು ಕರೆಯಿರಿ, ಅವರ ಊರಿನಲ್ಲಿ ಕಾಲೇಜು ಉತ್ಸವವೋ ಕೆಫೆಯ ಕಾರ್ಯಕ್ರಮವೋ ಇದ್ದಾಗ ಅವರು ನಿಮ್ಮನ್ನು ಕರೆಯುತ್ತಾರೆ. ಅವರು ಬರುವ ದಿನ ಡ್ರಮ್ ಸೆಟ್, ಆಂಪ್‌ಗಳು ನಿಮ್ಮದಿರಲಿ; ಗಿಟಾರ್, ಸ್ನೇರ್, ಸಿಂಬಲ್ ಚೀಲ ಹಿಡಿದು ಅವರು ಬಸ್ಸಿನಲ್ಲೇ ಬರಬಹುದು. ಮೂರರಲ್ಲಿ ನಡುವಿನ ಜಾಗ ಅವರಿಗೆ ಕೊಡಿ. ಎಂಟೂವರೆಯ ಹೊತ್ತಿಗೆ ಜನ ತುಂಬಿರುತ್ತಾರೆ, ಕೊನೆಯವರೆಗೆ ಉಳಿಯಬೇಕೆಂಬ ಮಾತು ದೂರದಿಂದ ಬಂದ ಇವರಿಗೆ ಬೇಡ, ಒಂಬತ್ತೂವರೆಗೆ ಸಾಮಾನು ಕಟ್ಟಿ ಬಸ್ ನಿಲ್ದಾಣದ ಕಡೆ ಹೊರಟರೆ ಊರಿಗೆ ರಾತ್ರಿ ಬಸ್ಸೂ ಸಿಗುತ್ತದೆ.